ಬಂತಾ? ಇಲ್ಲ, ಹೋಯ್ತು!

ಕುಶಾಲನಗರದಲ್ಲಿ ಬಸ್ ಹತ್ತುವಾಗ ಕೊಡೆ ಬಿಚ್ಚುವಷ್ಟೂ ಮಳೆ ಇರಲಿಲ್ಲ. ಸೋಮವಾರಪೇಟೆ ದಾಟಿ ಶಾಂತಳ್ಳಿ ಹತ್ತಿರ ಅಜ್ಜಿ ಮನೆ ಮುಂದೆ ಇಳಿದಾಗ ಕೊಡೆ ಬಿಚ್ಚಿ ಪ್ರಯೋಜನವೂ ಇರಲಿಲ್ಲ. ಜುಲೈ ತಿಂಗಳು. ಒಂದೇ ಬಸ್ ಪ್ರಯಾಣದಲ್ಲಿ ಎರಡು ಕಾಲ ನೋಡಬೇಕಾದರೆ ನಮ್ಮ ಕೊಡಗಿಗೇ ಬರಬೇಕು.

ಮನೆಯೊಳಗೆ ಮಾವ ಟಿವಿ ಮುಂದೆ ಕೂತಿದ್ದರು. ತಿಂಗಳು ತಿಂಗಳು ದುಡ್ಡು ಕಟ್ಟಿ ಟಿವಿ ನೋಡುವುದು ಅವರಿಗಾಗದು. ದೂರದರ್ಶನದ ಫ್ರೀ ಡಿಶ್ ಹಾಕಿಸಿದ್ದಾರೆ. ಡಿಶ್ಶಿಗೆ, ಡಬ್ಬಕ್ಕೆ ಒಂದು ಸಲ ಕೊಟ್ಟಿದ್ದು ಬಿಟ್ಟರೆ ಆಮೇಲೆ ನಯಾಪೈಸೆ ಖರ್ಚಿಲ್ಲ. ಈ ವಿಷಯವನ್ನು ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಕೊಡುತ್ತಾರೆ. ನನಗೂ ಕೊಟ್ಟರು.

ಚಂದನದಲ್ಲಿ ಕೃಷಿ ದರ್ಶನ ಬರುತ್ತಿತ್ತು. ಹನಿ ನೀರಾವರಿ. ಒಂದೊಂದು ಹನಿಯನ್ನೂ ಹೇಗೆ ಉಳಿಸಬೇಕು ಅಂತ ಬಯಲುಸೀಮೆಯ ರೈತರೊಬ್ಬರು ಹೇಳುತ್ತಿದ್ದರು. ನಮ್ಮ ಅತ್ತೆ ಸೋರುವ ಹೆಂಚಿನ ಕೆಳಗೆ ಮೂರನೇ ಬಕೆಟ್ ಇಡುತ್ತಾ, "ಇವರಿಗೆ ಒಂದು ಟ್ಯಾಂಕರ್ ಕಳಿಸಬಹುದಿತ್ತು" ಅಂದರು. ಆಮೇಲೆ ಕೊಳೆ ರೋಗದ ವಿಷಯ ಬಂತು. ಮಾವ ಕುರ್ಚಿ ಮುಂದಕ್ಕೆ ಎಳೆದರು. ಅವರು ಮೂವತ್ತು ವರ್ಷದಿಂದ ಆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತಿದ್ದಾರೆ, ಅಳತೆ ಬಾಯಿಪಾಠ. ಆದರೂ ನೋಡುತ್ತಾರೆ. ಕಲಿಯಲಿಕ್ಕಲ್ಲ, ಟಿವಿಯವರು ಸರಿಯಾಗಿ ಹೇಳುತ್ತಾರಾ ಅಂತ ಪರೀಕ್ಷೆ ಮಾಡಲಿಕ್ಕೆ.

"ನೂರು ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ..."

ಅಷ್ಟಕ್ಕೇ ನಿಂತಿತು. ಹೇಳುತ್ತಿದ್ದವರ ಮುಖ ಚೌಕ ಚೌಕವಾಗಿ ಒಡೆದು, ಬಾಯಿ ಒಂದು ಕಡೆ, ಕನ್ನಡಕ ಒಂದು ಕಡೆ ಉಳಿಯಿತು.

"ಸುಣ್ಣವೂ ಒಂದು ಕಿಲೋನೇ ಅಲ್ವಾ ಮಾವ?" ಅಂದೆ.

"ನನಗೆ ಗೊತ್ತು ಮಾರಾಯ. ಅವನಿಗೆ ಗೊತ್ತಾ ಅಂತ ನೋಡಬೇಕಿತ್ತು."

ಉಪಗ್ರಹ ಇರುವುದು 36 ಸಾವಿರ ಕಿಲೋಮೀಟರ್ ಮೇಲೆ. ಅಷ್ಟು ದೂರದಿಂದ ಸಿಗ್ನಲ್ಲು ಆರಾಮಾಗಿ ಬರುತ್ತದೆ. ಕೊನೆಯ ನಾಲ್ಕೈದು ಕಿಲೋಮೀಟರಿನಲ್ಲಿ ಶಾಂತಳ್ಳಿ ಮಳೆಗೆ ಸಿಕ್ಕಿ ಸುಸ್ತಾಗುತ್ತದೆ. ಇದಕ್ಕೆ ಮನುಷ್ಯರು ಮಾಡುವಂಥದ್ದು ಏನೂ ಇಲ್ಲ, ಮಳೆ ಇಳಿಯುವವರೆಗೆ ಸುಮ್ನೆ ಕೂರಬೇಕು. ನಾವು ಕೂರುವ ಜನ ಅಲ್ಲ.

ಹತ್ತು ನಿಮಿಷಕ್ಕೆ ತಾನಾಗಿಯೇ ಬಂತು. ಅಷ್ಟರಲ್ಲಿ ವಾರ್ತೆ. ಅಜ್ಜಿ ಒಲೆ ಹತ್ತಿರದಿಂದ ಎದ್ದು ಬಂದರು. ಅವರಿಗೆ ರಾಜಕೀಯ ಬೇಡ, ಕನ್ನಂಬಾಡಿ ಕಟ್ಟೆಗೆ ನೀರೆಷ್ಟು ಬಂತು ಅಂತ ಗೊತ್ತಾಗಬೇಕು. ಮದುವೆ ಮಾಡಿ ಕೊಟ್ಟ ಮಗಳು ಊರು ಮುಟ್ಟಿದಳಾ ಅಂತ ಕೇಳುವ ಹಾಗೆ ಕೇಳುತ್ತಾರೆ. ಹಾರಂಗಿಗೆ ಹೋಗಿ, ಕೂಡಿಗೆಯಲ್ಲಿ ಕಾವೇರಿ ಸೇರಿ ಅಲ್ಲಿಗೆ ಮುಟ್ಟುವುದು ಇದೇ ನಮ್ಮ ಅಂಗಳದ ನೀರು ತಾನೇ? 124.80 ಅಡಿ ಆದರೆ ಭರ್ತಿ ಅನ್ನುವುದು ಅಜ್ಜಿಗೆ ದಶಮಾಂಶದ ಸಮೇತ ಗೊತ್ತು.

"ಕೊಡಗಿನಲ್ಲಿ ಭಾರಿ ಮಳೆಯಾಗುವ..." ಅಂದರು ವಾರ್ತೆಯವರು. ಭಾರಿ ಮಳೆಗೆ ಹೋಯ್ತು.

ಆಗ ಮಾವ ನನ್ನ ಮುಖ ನೋಡಿದರು. ಆ ನೋಟ ನನಗೆ ಹಳೆಯದು. 1987ರಲ್ಲಿ ರಾಮಾಯಣ ಬರುವಾಗ ಇದೇ ಮನೆಯ ಹಿಂದೆ ಬಿದಿರು ಗಳಕ್ಕೆ ಆಂಟೆನಾ ಕಟ್ಟಿತ್ತು. ಭಾನುವಾರ ಬೆಳಿಗ್ಗೆ ಊರೆಲ್ಲ ಒಳಗೆ, ನಾನು ಗಳ ಹಿಡಿದುಕೊಂಡು ಹೊರಗೆ. ಸೀತಾಪಹರಣವನ್ನು ಪೂರ್ತಿ ಕಿವಿಯಲ್ಲೇ ನೋಡಿದವನು ನಾನು.

ಮಳೆಗೆ ತಲೆ ಮೇಲೆ ಹಾಕುವ ಗೊರಬೆ ಸಿಗಲಿಲ್ಲ. ಗೊಬ್ಬರದ ಪ್ಲಾಸ್ಟಿಕ್ ಚೀಲ ತಲೆಗೆ ಹಾಕಿಕೊಂಡು ಹೋಗಿ ಡಿಶ್ ಹಿಡಿದೆ.

"ಬಂತಾ?"

"ಇಲ್ಲ!"

"ಈಗ?"

ಮಾವ ಕಿಟಕಿಯಿಂದ ಅತ್ತೆಗೆ, ಅತ್ತೆ ಬಾಗಿಲಿನಿಂದ ನನಗೆ. ಮಳೆ ಸದ್ದಿನಲ್ಲಿ "ಬಂತು" ಅನ್ನುವುದೂ "ಬೇಡ" ಅನ್ನುವುದೂ ಒಂದೇ ಥರ ಕೇಳುತ್ತದೆ. ಅವರು "ಬೇಡ ಬೇಡ, ಬಿಡು" ಅಂತ ಕೂಗಿದ್ದಾರೆ. ನಾನು "ಬಂತು" ಅಂದುಕೊಂಡು ಇನ್ನೂ ಚೆನ್ನಾಗಿ ಬರಲಿ ಅಂತ ಒಂದು ಗೇಣು ಜಾಸ್ತಿ ತಿರುಗಿಸಿ, ಬೋಲ್ಟು ಭದ್ರ ಮಾಡಿದೆ. ಆಗ್ನೇಯಕ್ಕೆ ಮುಖ ಮಾಡಿದ್ದ ಡಿಶ್ಶು ಈಗ ಮಾವನ ದನದ ಕೊಟ್ಟಿಗೆ ನೋಡುತ್ತಿತ್ತು.

ಹಾಗಾಗಿ ಮಳೆ ನಿಂತ ಮೇಲೂ ಟಿವಿ ಬರಲಿಲ್ಲ. ಹಾಡಿನ ಕಾರ್ಯಕ್ರಮ ಒಂದು ಹೋಯಿತು. ಅತ್ತೆ ಕಡುಬಿನ ಪಾತ್ರೆ ಜೋರಾಗಿ ಇಟ್ಟಿದ್ದರಿಂದ ಅದು ಗೊತ್ತಾಯಿತು. ಕೊನೆಗೆ ಮಾವನೇ ಟಾರ್ಚ್ ಹಿಡಿದು ಹೋಗಿ, ಮೊದಲಿನ ಬಣ್ಣದ ಗುರುತು ನೋಡಿ ತಿರುಗಿಸಿ ಬಂದರು. ಅಷ್ಟರಲ್ಲಿ ನನ್ನ ಮೀನಖಂಡದಲ್ಲಿ ಜಿಗಣೆಯೊಂದು ಗುಂಡಗೆ ಊಟ ಮುಗಿಸಿತ್ತು. ಅಜ್ಜಿ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಉಗುರಿನಲ್ಲಿ ಅದಕ್ಕೆ ಮುಟ್ಟಿಸಿದರು. ಬಿತ್ತು.

"ಒಂದು ಕಿಲೋ ಹಾಕಿದ್ರಾ ಅಜ್ಜಿ?" ಅಂದೆ. ಮಾವ ನಗಲಿಲ್ಲ.

ಟಿವಿಯಲ್ಲಿ ಥಟ್ ಅಂತ ಹೇಳಿ. 2002ರಿಂದ ಡಾಕ್ಟರ್ ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳಿ, ಗೆದ್ದವರಿಗೆ ಪುಸ್ತಕ ಕೊಡುತ್ತಿದ್ದಾರೆ. ಮಾವನಿಗೆ ಕೃಷಿ ದರ್ಶನ ಬಿಟ್ಟರೆ ಇದೇ. ಸ್ಪರ್ಧಿಗಳಿಗಿಂತ ಮೊದಲು ಉತ್ತರ ಹೇಳುತ್ತಾರೆ, ತಪ್ಪಾದರೆ ಕೆಮ್ಮುತ್ತಾರೆ. ಅಂದು ಪ್ರಶ್ನೆ ಕೇಳುವಾಗ ಚಿತ್ರ ಇತ್ತು, ದನಿ ಇರಲಿಲ್ಲ. ಕರಕರ ಅಂದು ದನಿ ಬರುವಾಗ "ಕುದುರೆ, ಸರಿಯಾದ ಉತ್ತರ" ಅಂದಾಗಿತ್ತು. ಚಪ್ಪಾಳೆ ಅರ್ಧಕ್ಕೆ ಕೇಳಿತು. ಕರೆಂಟ್ ಹೋಯಿತು. ಎಲ್ಲೋ ಲೈನ್ ಮೇಲೆ ಸಿಲ್ವರ್ ಓಕ್ ಬಿದ್ದಿರಬೇಕು, ಇನ್ನು ಎರಡು ದಿನಕ್ಕೆ ಚಿಂತೆ ಇಲ್ಲ.

ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಕಡುಬು ತಿನ್ನುತ್ತಾ ಉತ್ತರಕ್ಕೆ ಪ್ರಶ್ನೆ ಹುಡುಕಿದೆವು. "ನಿಂತುಕೊಂಡೇ ನಿದ್ದೆ ಮಾಡುವ ಪ್ರಾಣಿ ಯಾವುದು?" ಅಂದೆ. "ಅಶ್ವಮೇಧಕ್ಕೆ ಬಿಡೋದು ಏನನ್ನು ಅಂತ ಕೇಳಿರ್ತಾರೆ" ಅಂದರು ಅತ್ತೆ. ಮಾವ ಎರಡನ್ನೂ ತಳ್ಳಿಹಾಕಿದರು. ಚದುರಂಗದಲ್ಲಿ ಬೇರೆ ಕಾಯಿಗಳ ಮೇಲೆ ಹಾರುವುದು ಯಾವುದು ಅನ್ನುವುದೇ ಪ್ರಶ್ನೆ, ನಾವು ಹೇಳಿದಷ್ಟು ಸುಲಭದ್ದು ಅವರು ಕೇಳುವುದಿಲ್ಲ ಅಂತ ವಾದ. ಮಲಗುವವರೆಗೂ ತೀರ್ಮಾನ ಆಗಲಿಲ್ಲ.

ಮರುದಿನ ಗುಡ್ಡದ ಮೇಲೆ ಹೋಗಿ, ಎರಡು ಕಡ್ಡಿ ಸಿಗ್ನಲ್ ಹಿಡಿದು ಮೈಸೂರಿನ ಚಿಕ್ಕಮ್ಮನಿಗೆ ಫೋನ್ ಮಾಡಿದೆವು. ಅವರು ನಿನ್ನೆ ಚಂದನ ಹಾಕಿರಲೇ ಇಲ್ಲವಂತೆ, ಯಾವುದೋ ಸೀರಿಯಲ್ಲು. ಮಾವನಿಗೆ ಬೇಜಾರಾಯಿತು. ಫೋನ್ ಇಡುವ ಮೊದಲು ಅಜ್ಜಿ ಹೇಳಿ ಕಳಿಸಿದ್ದು ನೆನಪಾಗಿ ಕೇಳಿದೆ.

"ಚಿಕ್ಕಮ್ಮ, ಕನ್ನಂಬಾಡಿ ಎಷ್ಟು ತುಂಬಿತಂತೆ?"

"ನೂರಾ ಹದಿ..." ಅಂದರು. ಹೋಯ್ತು.