ಅಂಕಲ್ ಅಂದಿದ್ದಕ್ಕೆ ಲೀಗಲ್ ನೋಟಿಸು

ಜಗಳ ಶುರುವಾಗಿದ್ದು ಒಂದು ಕುರ್ಚಿಯಿಂದ. ಲೈಬ್ರರಿಯಲ್ಲಿ ಸರಿಯಾಗಿ ತಿರುಗುವ ಒಂದೇ ಒಂದು ಫ್ಯಾನಿನ ಕೆಳಗಿದ್ದ ಕುರ್ಚಿ. ಅಲ್ಲಿ ಕೂತಿದ್ದವರು ನಮ್ಮ ಮೂರು ವರ್ಷದ ಎಲ್‌ಎಲ್‌ಬಿ ಕ್ಲಾಸಿನವರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದು, ವಿಆರ್‌ಎಸ್ ತಗೊಂಡು, ಕಾನೂನು ಓದಬೇಕೆಂಬ ಹಳೇ ಆಸೆ ತೀರಿಸಿಕೊಳ್ಳಲು ಬಂದವರು. ಐದು ವರ್ಷದ ಕೋರ್ಸಿನ ಹುಡುಗನೊಬ್ಬ ಬಂದು ಬಹಳ ಮರ್ಯಾದೆಯಿಂದಲೇ ಕೇಳಿದ: "ಅಂಕಲ್, ಸ್ವಲ್ಪ ಆ ಕಡೆ ಕೂತ್ಕೋತೀರಾ?"

ಕುರ್ಚಿಯನ್ನೇನೋ ಅವರು ಬಿಟ್ಟುಕೊಟ್ಟರು. ಅಂಕಲ್ ಅನ್ನುವುದನ್ನು ಬಿಡಲಿಲ್ಲ.

ಮಾರನೇ ದಿನ ಹುಡುಗನ ಕೈಗೆ ನೋಟಿಸು ಬಂತು. ನಾವಾಗ ತಾನೇ ಟಾರ್ಟ್ ಪೇಪರಿನಲ್ಲಿ, ಅಂದರೆ ಪರಿಹಾರ ಕೇಳಬಹುದಾದ ಸಿವಿಲ್ ತಪ್ಪುಗಳ ಪೇಪರಿನಲ್ಲಿ, ಮಾನನಷ್ಟದ ಪಾಠ ಮುಗಿಸಿದ್ದೆವು, ಬಿಸಿ ಇನ್ನೂ ಆರಿರಲಿಲ್ಲ. 15 ದಿನದೊಳಗೆ ಬೇಷರತ್ ಕ್ಷಮೆ ಕೇಳಬೇಕು, ಇಲ್ಲವಾದರೆ ಮುಂದಿನ ಖರ್ಚುವೆಚ್ಚಗಳಿಗೆ ನೀವೇ ಹೊಣೆ ಅಂತ ಬರೆದಿತ್ತು. ಹುಡುಗರೂ ಸುಮ್ನೆ ಕೂರಲಿಲ್ಲ. ಹದಿನಾಲ್ಕು ಪ್ಯಾರಾ ಉತ್ತರ ಕಳಿಸಿದರು. ಮೊದಲ ಹದಿಮೂರು ಪ್ಯಾರಾಗಳಲ್ಲಿ ಎಲ್ಲವನ್ನೂ ಅಲ್ಲಗಳೆದಿದ್ದರು. ಅಂಕಲ್ ಅಂದಿಲ್ಲ, ಲೈಬ್ರರಿಗೇ ಹೋಗಿಲ್ಲ, ಫ್ಯಾನು ಇದ್ದದ್ದೇ ಗೊತ್ತಿಲ್ಲ. ಕೊನೇ ಪ್ಯಾರಾ ಮಾತ್ರ ಹೀಗಿತ್ತು: ಒಂದು ವೇಳೆ ಅಂದಿದ್ದರೂ, ಮಾನನಷ್ಟದ ಕೇಸಿನಲ್ಲಿ ಸತ್ಯವೇ ರಕ್ಷಣೆ. ನೋಟಿಸು ಕೊಟ್ಟವರ ತಲೆಗೂದಲನ್ನು ಸಾಕ್ಷ್ಯವಾಗಿ ಹಾಜರುಪಡಿಸಲಾಗುವುದು.

ಅಲ್ಲಿಂದ ಕಾಲೇಜು ಎರಡು ಭಾಗವಾಯಿತು. ಒಂದು ಅಂಕಲ್ ಬಣ. ಇನ್ನೊಂದಕ್ಕೆ ನಮ್ಮವರು ಇಟ್ಟ ಹೆಸರು ಪಿಯುಸಿ ಮಕ್ಕಳು.

ಹೊರಗಿನವರಿಗೆ ಇದರ ಗಂಭೀರತೆ ಅರ್ಥವಾಗುವುದಿಲ್ಲ. ಪಿಯುಸಿ ಮುಗಿಸಿ ನೇರವಾಗಿ ಬಂದವರಿಗೆ ಕೋರ್ಸು ಐದು ವರ್ಷ. ಡಿಗ್ರಿ ಮುಗಿಸಿ ಬಂದವರಿಗೆ ಮೂರು ವರ್ಷ. "ನಾವು ಐದು ವರ್ಷ ಕಾನೂನು ಓದ್ತೀವಿ, ನೀವು ಬರೀ ಮೂರು" ಅಂತ ಅವರು. "ನಮ್ಮದು ಮೂರು ಮತ್ತು ಮೂರು ಒಟ್ಟು ಆರು, ನಿಮ್ಮದೇ ಒಂದು ಕಡಿಮೆ" ಅಂತ ಇವರು. ಐದು ದೊಡ್ಡದೋ ಆರು ದೊಡ್ಡದೋ ಎಂಬುದನ್ನು ಒಂದನೇ ಕ್ಲಾಸಿನ ಮಗು ಹೇಳುತ್ತದೆ. ನಮ್ಮಲ್ಲಿ ಅದು ಒಂದು ಇಡೀ ಸೆಮಿಸ್ಟರ್ ಇತ್ಯರ್ಥವಾಗಲಿಲ್ಲ. ಪಿಯುಸಿ ಮಕ್ಕಳು ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲನ್ನು ಎಳೆದು ತಂದರು. ದೇಶದಲ್ಲಿ ಐದು ವರ್ಷದ ಕೋರ್ಸಿಗೆ ಹೆಸರು ತಂದದ್ದೇ ಅದು ಅಂದರು. ಅಂಕಲ್ ಬಣ ಅದೇ ನಾಗರಬಾವಿಯನ್ನು ತಿರುಗಿಸಿ ಹೊಡೆಯಿತು. ಅವರೂ 2022ರಲ್ಲಿ ಮೂರು ವರ್ಷದ ಕೋರ್ಸ್ ಶುರು ಮಾಡಲಿಲ್ವಾ ಅಂತ. ಪಾಪ, ಆ ಲಾ ಸ್ಕೂಲಿಗೆ ನಮ್ಮ ಫ್ಯಾನಿನ ಕೆಳಗಿನ ಕುರ್ಚಿಯ ಸುದ್ದಿಯೇ ಗೊತ್ತಿಲ್ಲ. ಕೊನೆಗೆ ಇಬ್ಬರೂ ಸನ್ನದು ಪಡೆಯುವುದು 1961ರ ಅದೇ ವಕೀಲರ ಕಾಯ್ದೆಯ ಅಡಿಯಲ್ಲಿ. ಕಟ್ಟುವುದು ಅದೇ ಬಿಳಿ ಬ್ಯಾಂಡು.

ಎರಡೂ ಬಣದೊಳಗೆ ಮತ್ತೆ ಒಳಬಣ. 2024ರ ಜುಲೈ 1ಕ್ಕೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಸೀನಿಯರುಗಳ ಪಾಡು ನೋಡಬೇಕಿತ್ತು. ಕೊಲೆ ಅಂದರೆ 302 ಅಂತ ಬಾಯಿಪಾಠ ಮಾಡಿದವರಿಗೆ ಜೂನಿಯರುಗಳು "ಸರ್, ಈಗ ಅದು 103" ಅಂತ ತಿದ್ದತೊಡಗಿದರು. 420 ಹೋಗಿ 318 ಬಂತು. "318 ನನ್ನ ಮಗ" ಅಂತ ಬೈದರೆ ಯಾರಿಗಾದರೂ ಸಿಟ್ಟು ಬರುತ್ತಾ? ಒಂದಿಡೀ ತಲೆಮಾರಿನ ಬೈಗುಳವನ್ನೇ ಸಂಸತ್ತು ಕಸಿದುಕೊಂಡಿತು.

ಇದರ ಮಧ್ಯೆ ಯಾವ ಬಣಕ್ಕೂ ಸೇರದ ಹತ್ತು ಹನ್ನೆರಡು ಜನ ಇದ್ದರು. ತುಮಕೂರು, ರಾಮನಗರ ಕಡೆಯಿಂದ ಬೆಳಗಿನ ರೈಲಿಗೆ ಬರುವವರು. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯುವವರು. ರೈಲು ತಪ್ಪುತ್ತದೆ ಅಂತ ಸಭೆಗಳಿಗೆ ನಿಲ್ಲುತ್ತಿರಲಿಲ್ಲ. ಇಬ್ಬರೂ ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ವೋಟಿನ ದಿನ ಬಿಟ್ಟು.

ವೋಟು ಯಾವುದಕ್ಕೆ ಅಂದಿರಾ? ಮೂಟ್ ಕೋರ್ಟ್, ಅಂದರೆ ಅಣಕು ನ್ಯಾಯಾಲಯದ ಸೊಸೈಟಿಯ ಕನ್ವೀನರ್ ಹುದ್ದೆಗೆ. ಸಂಬಳ ಇಲ್ಲ, ಕೋಣೆ ಇಲ್ಲ, ಒಂದು ಬೀಗದ ಕೈ ಇದೆ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಪ್ರತಿ ವಿದ್ಯಾರ್ಥಿಯೂ ಮೂರು ಮೂಟ್ ಮಾಡಬೇಕು. ಒಂದಕ್ಕೆ 10 ಅಂಕ, ಐದು ಬರಹಕ್ಕೆ, ಐದು ವಾದಕ್ಕೆ. ಅದು ಬಡವರ ಮೂಟ್. ಸೊಸೈಟಿಯವರ ಮೂಟ್ ಬೇರೆ. ಅದಕ್ಕೆ ಊರೂರಿಗೆ ಹೋಗಬೇಕು, ಬರೆದ ವಾದಕ್ಕೆ ಅರ್ಜಿದಾರರ ಪರ ನೀಲಿ ರಟ್ಟು, ಎದುರುದಾರರ ಪರ ಕೆಂಪು ರಟ್ಟು ಹಾಕಿಸಬೇಕು, "ಮೈ ಲಾರ್ಡ್" ಅನ್ನುವಾಗ ಗಂಟಲು ಸ್ವಲ್ಪ ಗಡುಸಾಗಬೇಕು. ಆ ಪದ ವಸಾಹತು ಕಾಲದ್ದು, ಬಿಡಿ ಅಂತ ಬಾರ್ ಕೌನ್ಸಿಲ್ 2006ರಲ್ಲೇ ಹೇಳಿತು. ಆದರೆ ಹತ್ತೊಂಬತ್ತು ವರ್ಷದ ಹುಡುಗನಿಗೆ ಕೋಟು ಹಾಕಿಸಿ, ಲಾರ್ಡ್ ಅನ್ನಬೇಡ ಅಂದರೆ ಕೋಟು ಯಾಕೆ ಬೇಕು?

ಚುನಾವಣೆಯಲ್ಲಿ ಸಮ ಸಮ ಬಂತು. ಮರುಎಣಿಕೆಯಲ್ಲೂ ಸಮ. ಪ್ರಿನ್ಸಿಪಾಲರು ಬೇಸತ್ತು ಇಬ್ಬರನ್ನೂ ಜಂಟಿ ಕನ್ವೀನರ್ ಮಾಡಿದರು. ಬೀಗದ ಕೈ ಒಂದೇ ಇದ್ದದ್ದರಿಂದ ಸೋಮವಾರ, ಬುಧವಾರ, ಶುಕ್ರವಾರ ಅಂಕಲ್ ಬಣಕ್ಕೆ, ಉಳಿದ ದಿನ ಪಿಯುಸಿ ಮಕ್ಕಳಿಗೆ ಅಂತ ಹಂಚಿದರು. ಎಡಿಆರ್ ಪೇಪರಿನಲ್ಲಿ, ಅಂದರೆ ಕೋರ್ಟಿಗೆ ಹೋಗದೆ ರಾಜಿಯಲ್ಲಿ ವ್ಯಾಜ್ಯ ಬಗೆಹರಿಸುವ ವಿದ್ಯೆಯಲ್ಲಿ, ಇಬ್ಬರು ಕನ್ವೀನರುಗಳಿಗೂ ಎಂಬತ್ತರ ಮೇಲೆ ಅಂಕ ಬಂದಿತ್ತು.

ಆಮೇಲೆ ಫ್ಲೆಕ್ಸಿನ ವಿಷಯ ಬಂತು.

ಕಾಲೇಜಿನಲ್ಲಿ ಲೀಗಲ್ ಫೆಸ್ಟ್. ಸ್ವಾಗತ ಕೋರುವ ಫ್ಲೆಕ್ಸ್ ಬೇಕು. ಹೈಕೋರ್ಟ್ ತರಾಟೆಗೆ ತಗೊಂಡ ಮೇಲೆ 2018ರಲ್ಲಿ ಬೆಂಗಳೂರಿನ ಫ್ಲೆಕ್ಸುಗಳನ್ನೆಲ್ಲ ಪಾಲಿಕೆ ಕಿತ್ತು ಹಾಕಿತ್ತು ಅನ್ನುವುದು ಕಾನೂನು ಓದುವ ಎಲ್ಲರಿಗೂ ಗೊತ್ತು. ಪರಿಸರ ಕಾನೂನಿನ ಪೇಪರಿನಲ್ಲಿ ಅದರ ಬಗ್ಗೆ ಉತ್ತರವನ್ನೂ ಬರೆದಿದ್ದರು. ಆದ್ದರಿಂದ ಫ್ಲೆಕ್ಸ್ ಹಾಕಬಹುದೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಎದ್ದ ಪ್ರಶ್ನೆ ಒಂದೇ, ಯಾರ ಫೋಟೋ ದೊಡ್ಡದು?

ನಾಲ್ಕು ಸಭೆ ನಡೆದವು. ವಯಸ್ಸಿನ ಪ್ರಕಾರ ಹಾಕಿ ಅಂತ ಒಂದು ಬಣ. (ಅಂಕಲ್ ಅಂದರೆ ಮಾನನಷ್ಟ, ಫೋಟೋ ವಿಷಯಕ್ಕೆ ಮಾತ್ರ ವಯಸ್ಸು.) ಕಾಲೇಜಿಗೆ ಸೇರಿದ ವರ್ಷದ ಪ್ರಕಾರ ಹಾಕಿ ಅಂತ ಇನ್ನೊಂದು. ಸಮಾನತೆಯ ಹಕ್ಕು ಅಂತ 14ನೇ ವಿಧಿಯನ್ನು ಇಬ್ಬರೂ ಎತ್ತಿದರು. ಕೊನೆಗೆ ಎಲ್ಲರ ಫೋಟೋನೂ ಒಂದೇ ಅಳತೆಯಲ್ಲಿ ಹಾಕುವುದು ಅಂತಾಯಿತು. ಮೂವತ್ತೆಂಟು ಮುಖ. ಎಲ್ಲರೂ ಕೈಕಟ್ಟಿ ನಿಂತವರು, ಅರ್ಧ ಜನಕ್ಕೆ ಕೂಲಿಂಗ್ ಗ್ಲಾಸು. ಫೆಸ್ಟಿನ ತಾರೀಕು ಹಾಕಲು ಜಾಗ ಉಳಿಯಲಿಲ್ಲ.

ಕಾಲೇಜಿನ ಗೋಡೆಗೆ ಕಟ್ಟಲು ಪ್ರಿನ್ಸಿಪಾಲರು ಬಿಡಲಿಲ್ಲ. ಹಾಗಾಗಿ ಗೇಟಿನ ಎದುರಿಗೆ ಟೀ ಅಂಗಡಿ ಇಟ್ಟಿದ್ದ ಅಣ್ಣನ ಮಾಡಿಗೆ ಕಟ್ಟಿದರು. ಅವರು ಪಾಪ, "ನಮ್ಮ ಹುಡುಗ್ರು, ಕಟ್ಕೊಳ್ಳಿ" ಅಂದರು. ಮಳೆಗೂ ಆಯಿತು ಅಂದುಕೊಂಡಿರಬೇಕು.

ಮೂರನೇ ದಿನ ಪಾಲಿಕೆಯವರು ಬಂದರು. ಫ್ಲೆಕ್ಸ್ ಕಿತ್ತು ಲಾರಿಗೆ ಹಾಕಿದರು. ಮೂವತ್ತೆಂಟು ಜನರಲ್ಲಿ ಒಬ್ಬರೂ ಆ ಹೊತ್ತಿಗೆ ಅಲ್ಲಿರಲಿಲ್ಲ. ಮುಖ ಅಷ್ಟಿದ್ದರೂ ಕೈಗೆ ಸಿಕ್ಕಿದವರು ಅಂಗಡಿಯಣ್ಣ ಒಬ್ಬರೇ. ಅವರ ಹೆಸರಿಗೆ ದಂಡ ಬರೆದು ಹೋದರು.

ಅಣ್ಣ ಆ ಚೀಟಿ ಹಿಡಿದು ಒಳಗೆ ಬಂದರು. "ಇದೇನೂಂತ ಸ್ವಲ್ಪ ನೋಡಿ ಹೇಳ್ರಪ್ಪ" ಅಂದರು. ಪ್ರತಿ ಲಾ ಕಾಲೇಜಿನಲ್ಲೂ ಬಡವರಿಗೆ ಉಚಿತವಾಗಿ ಕಾನೂನು ನೆರವು ಕೊಡುವ ಕೇಂದ್ರ ಇರಬೇಕು, ನಮ್ಮಲ್ಲೂ ಇತ್ತು. ಬೋರ್ಡು ಇತ್ತು, ರಿಜಿಸ್ಟರ್ ಇತ್ತು. ರಿಜಿಸ್ಟರಿನಲ್ಲಿ ಇವರದೇ ಮೊದಲನೇ ಕೇಸು.

ಮೊದಲನೇ ಕೇಸನ್ನು ಯಾರು ನಡೆಸಬೇಕು? ಇವತ್ತು ಗುರುವಾರ, ಬೀಗದ ಕೈ ನಮ್ಮದು ಅಂದರು ಪಿಯುಸಿ ಮಕ್ಕಳು. ಬೀಗದ ಕೈ ಮೂಟ್ ಸೊಸೈಟಿಯದ್ದು, ನೆರವು ಕೇಂದ್ರಕ್ಕೆ ಅದು ಅನ್ವಯಿಸುವುದಿಲ್ಲ ಅಂದಿತು ಅಂಕಲ್ ಬಣ. ಐದು ಜನ ಅಥವಾ ಅದಕ್ಕಿಂತ ಜಾಸ್ತಿ ಹೀಗೆ ಸೇರಿ ಕೂಗಾಡಿದರೆ ಅಕ್ರಮ ಕೂಟವಾಗುತ್ತದೆ ಅಂತ ಒಬ್ಬ ಎಚ್ಚರಿಸಿದ. ಅದು 141 ಅಂತ ಸೀನಿಯರ್. ಅಲ್ಲ ಸರ್, 189 ಅಂತ ಜೂನಿಯರ್. ಬರೀ ಕೂಗಿದರೆ ಆಗಲ್ಲ, ಸಮಾನ ಉದ್ದೇಶ ಇರಬೇಕು ಅಂತ ಮತ್ತೊಬ್ಬ. ಹಾಗಾದರೆ ಭಯವಿಲ್ಲ, ಅದು ನಮ್ಮಲ್ಲಿ ಯಾವತ್ತೂ ಇಲ್ಲ.

ಅಣ್ಣ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ರೈಲಿಗೆ ಹೊರಟಿದ್ದ ತುಮಕೂರಿನ ಹುಡುಗಿಯೊಬ್ಬಳು ಚೀಟಿ ಇಸಕೊಂಡು ಓದಿದಳು. ನಿಂತಲ್ಲೇ ಒಂದು ಹಾಳೆಯಲ್ಲಿ, ಫ್ಲೆಕ್ಸ್ ಇವರದಲ್ಲ ಅಂತ ಕನ್ನಡದಲ್ಲಿ ಏಳೆಂಟು ಸಾಲಿನ ಮನವಿ ಬರೆದು, ಎಲ್ಲಿ ಕೊಡಬೇಕು ಅಂತ ಹೇಳಿ ಓಡಿದಳು.

ಒಳಗೆ ಇನ್ನೂ ಸಭೆ ನಡೆದಿತ್ತು. ಈಗ ಚರ್ಚೆ ಬೇರೆ: ಆ ಹುಡುಗಿ ಮನವಿ ಬರೆದದ್ದು ಯಾರ ಅನುಮತಿಯಿಂದ?