ಕನ್ನಂಬಾಡಿಯ ಅಳತೆ, ಗೋಮುಖದ ಲೆಕ್ಕ

ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಊರೊಂದರಲ್ಲಿ ಬೆಳೆದ ನನಗೆ ನೀರು ಎಂದೊಡನೆ ನೆನಪಾಗುವುದು ಒಂದು ಸಂಖ್ಯೆ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಇವತ್ತು ಎಷ್ಟಿದೆ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದನ್ನು ಮಳೆಗಾಲದಲ್ಲಿ ಪತ್ರಿಕೆ ಓದಲು ಬಾರದವರೂ ಕೇಳಿ ತಿಳಿದುಕೊಂಡಿರುತ್ತಾರೆ. ಹದಿನಾಲ್ಕು ವರ್ಷಗಳಿಂದ ಡೆಹ್ರಾಡೂನಿನಲ್ಲಿ ನೆಲೆಸಿರುವ ನಾನು ಈಗಲೂ ಊರಿಗೆ ಫೋನ್ ಮಾಡಿದಾಗ ಕ್ಷೇಮ ಸಮಾಚಾರ ಮುಗಿದ ಮೇಲೆ ಕೇಳುವ ಮೊದಲ ಮಾತು ‘ಕಟ್ಟೆ ಎಷ್ಟಾಯ್ತು?’ ಎಂಬುದೇ. ಗಂಗೆಯ ತವರಾದ ಈ ಉತ್ತರಾಖಂಡ ರಾಜ್ಯದಲ್ಲಿ ಹಿಮದ ಬಗ್ಗೆ ಯಾರೂ ಯಾರನ್ನೂ ಹಾಗೆ ಕೇಳುವುದನ್ನು ನಾನು ಕಂಡಿಲ್ಲ. ಹಿಮನದಿಗಳನ್ನು ಅಳೆಯುವವರು ಇಲ್ಲವೆಂದಲ್ಲ. ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆ ಇದೇ ಊರಿನಲ್ಲಿದೆ. ಅವರು ಅಳೆದದ್ದು ಜನರ ಬಾಯಿಗೆ ಬಂದಿಲ್ಲ, ಅಷ್ಟೇ. ಈ ಕೊರತೆ ಸಣ್ಣದಲ್ಲ ಎಂಬುದು ನನ್ನ ಖಚಿತ ಅನಿಸಿಕೆ.

ಕನ್ನಡದಲ್ಲಿ ಮಳೆಗಿರುವ ಮಾತಿನ ಸಿರಿ ಹಿಮಕ್ಕಿಲ್ಲ. ಮುಂಗಾರು, ಹಿಂಗಾರು ಎನ್ನುತ್ತೇವೆ, ರೋಹಿಣಿ, ಮೃಗಶಿರ, ಆರಿದ್ರಾ ಎಂದು ಒಂದೊಂದು ಮಳೆಗೂ ಒಂದೊಂದು ಹೆಸರಿಟ್ಟಿದ್ದೇವೆ. ಆದರೆ ಮುಂಜಾನೆಯ ಕಾವಳಕ್ಕೂ ಹುಲ್ಲಿನ ಮೇಲಿನ ಹನಿಗೂ ಬೆಟ್ಟದ ಮೇಲೆ ಬೀಳುವ ಬಿಳಿಗೂ ಮಂಜು ಎಂಬ ಒಂದೇ ಪದವನ್ನು ಹಚ್ಚುತ್ತೇವೆ. ಇಲ್ಲಿನ ಬೆಟ್ಟಸೀಮೆಯಾದ ಗಢವಾಲದವರು ಹಿಮನದಿಯನ್ನು ಬಾಮಕ್ ಎನ್ನುತ್ತಾರೆ, ಮರಗಳ ಸಾಲು ಮುಗಿದ ಮೇಲೆ ಹರಡಿಕೊಳ್ಳುವ ಹುಲ್ಲುಗಾವಲನ್ನು ಬುಗ್ಯಾಲ್ ಎನ್ನುತ್ತಾರೆ. ಈ ಪದಗಳನ್ನು ಕಲಿಯುವುದು ನನಗೆ ಸುಲಭವಾಯಿತು. ನೀರಿನ ಬಗ್ಗೆ ನನ್ನೊಳಗೆ ಬೇರೂರಿದ್ದ ನಂಬಿಕೆಯೊಂದನ್ನು ಬಿಡುವುದು ಮಾತ್ರ ಕಷ್ಟವಾಯಿತು.

ಕಟ್ಟೆ ಬರಿದಾದರೂ ಮತ್ತೆ ತುಂಬುತ್ತದೆ ಎಂಬುದೇ ಆ ನಂಬಿಕೆ. 2023ರಲ್ಲಿ ಮಳೆ ಕೈಕೊಟ್ಟಾಗ ನಮ್ಮ ಕಡೆಯವರು ಪಟ್ಟ ಪಾಡು ಕಡಿಮೆಯದಲ್ಲ. ಆದರೂ 2024ರ ಜುಲೈನಲ್ಲಿ ಕನ್ನಂಬಾಡಿ ತುಂಬಿತು, ಬಾಗಿನ ಅರ್ಪಿಸಿದ್ದೂ ಆಯಿತು. ಬಾಮಕ್‌ಗೆ ಅಂಥ ಒಂದು ವರ್ಷದ ಪರಿಹಾರವಿಲ್ಲ. ಚಳಿಗಾಲದಲ್ಲಿ ಪಶ್ಚಿಮದ ಮಾರುತಗಳು ತಂದು ಸುರಿಯುವ ಹಿಮ ಬೇಸಿಗೆಯ ಕರಗುವಿಕೆಯನ್ನು ಮೀರಿ ಉಳಿದು, ಪದರದ ಮೇಲೆ ಪದರವಾಗಿ ಒತ್ತಿಕೊಂಡು ಗಡ್ಡೆಯಾಗಲು ದಶಕಗಳು ಬೇಕು. ಗಂಗೋತ್ರಿ ಹಿಮನದಿಯ ಉದ್ದ ಸುಮಾರು 30 ಕಿಲೋಮೀಟರ್. ಅದರ ಮೂತಿಯಾದ ಗೋಮುಖವನ್ನು ಮೊದಲು ಕ್ರಮವಾಗಿ ನಕ್ಷೆಗಿಳಿಸಿದ್ದು 1935ರಲ್ಲಿ. ಅಲ್ಲಿಂದ 1996ರವರೆಗಿನ ಅರವತ್ತೊಂದು ವರ್ಷಗಳಲ್ಲೇ ಅದು ಒಂದು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು, ಇನ್ನೂ ಸರಿಯುತ್ತಿದೆ. ಆದರೆ ಮೂತಿ ಸರಿದದ್ದನ್ನಷ್ಟೇ ನೋಡಿದರೆ ಪೂರ್ತಿ ವಿಷಯ ತಿಳಿಯುವುದಿಲ್ಲ. ಕಲ್ಲುಮಣ್ಣು ಹೊದ್ದು ಮಲಗಿರುವ ಹಿಮನದಿ ಇದ್ದ ಜಾಗದಲ್ಲೇ ಇದ್ದಂತೆ ಕಂಡರೂ ಒಳಗೊಳಗೆ ತೆಳುವಾಗುತ್ತಾ ಹೋಗಬಹುದು. ಹಿಂದೂಕುಶ್ ಹಿಮಾಲಯ ಪ್ರದೇಶದ ಹಿಮನದಿಗಳು 2011ರಿಂದ 2020ರವರೆಗಿನ ದಶಕದಲ್ಲಿ ಅದರ ಹಿಂದಿನ ದಶಕಕ್ಕಿಂತ ಶೇ. 65ರಷ್ಟು ವೇಗವಾಗಿ ಮಂಜುಗಡ್ಡೆ ಕಳೆದುಕೊಂಡವೆಂದು ಕಠ್ಮಂಡುವಿನ ಅಂತರರಾಷ್ಟ್ರೀಯ ಪರ್ವತಾಭಿವೃದ್ಧಿ ಕೇಂದ್ರ 2023ರಲ್ಲಿ ವರದಿ ಮಾಡಿತು.

ಇದರಲ್ಲಿ ನಮ್ಮಂಥ ಬಯಲುಸೀಮೆಯವರು ಸುಲಭವಾಗಿ ಮೋಸಹೋಗುವ ಅಂಶವೊಂದಿದೆ. ಹಿಮನದಿ ಬೇಗ ಕರಗುವಷ್ಟು ಕಾಲ ಕೆಳಗಿನ ಹೊಳೆಯಲ್ಲಿ ನೀರು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಈ ಶತಮಾನದ ನಡುಭಾಗದ ಹೊತ್ತಿಗೆ ಆ ಹೆಚ್ಚಳ ತುದಿ ಮುಟ್ಟಿ, ಆಮೇಲೆ ಇಳಿಮುಖವಾಗುತ್ತದೆ ಎಂಬುದು ತಜ್ಞರ ಅಂದಾಜು. ಕಾವೇರಿಯಲ್ಲಿ ನೀರು ಏರಿತೆಂದರೆ ನಮಗೆ ಸಂತೋಷ. ಗೋಮುಖದಿಂದ ಹೊರಡುವ ಭಾಗೀರಥಿಯಲ್ಲಿ ಮೇ ತಿಂಗಳ ನೀರು ಏರಿದ್ದನ್ನು ಕಂಡು ಹಾಗೆಯೇ ಸಂತೋಷಪಡುವವನು, ಕಣಜದಲ್ಲಿ ತೆಗೆದಿಟ್ಟ ಬಿತ್ತನೆ ಬೀಜವನ್ನು ಕುಟ್ಟಿ ಅನ್ನ ಮಾಡಿದ ದಿನ ಹಬ್ಬವೆಂದುಕೊಂಡವನಂತೆಯೇ ಸರಿ.

ಮರಗಳ ವಿಷಯದಲ್ಲೂ ನನ್ನ ತಿಳಿವಳಿಕೆ ತಪ್ಪಾಗಿತ್ತು. ಗಂಗೋತ್ರಿಯಿಂದ ಗೋಮುಖಕ್ಕೆ ಹೋಗುವ 18 ಕಿಲೋಮೀಟರ್ ಕಾಲುದಾರಿಯಲ್ಲಿ ಮೊದಲು ಸಿಗುವುದು ಚೀಡ್‌ಬಾಸಾ, ಎಂದರೆ ಪೈನ್ ಮರಗಳ ಮನೆ. ಆಮೇಲೆ ಭೋಜ್‌ಬಾಸಾ, ಭೂರ್ಜ ಮರಗಳ ಮನೆ. ಚೀಡ್‌ಬಾಸಾದಲ್ಲಿ ಇನ್ನೂ ಪೈನ್ ಮರಗಳಿವೆ. ಭೋಜ್‌ಬಾಸಾದಲ್ಲಿ ಭೂರ್ಜ ಮರಗಳನ್ನು ಹುಡುಕಬೇಕಾಗುತ್ತದೆ. ಬೆಂಗಳೂರಿನ ಹಲಸೂರಿನಲ್ಲಿ ಹಲಸಿನ ತೋಪು ಹುಡುಕುವ ಹಾಗೆ, ಮರ ಹೋದ ಮೇಲೂ ಹೆಸರು ಉಳಿದಿದೆ. ನಾವು ತಾಳೆಗರಿಯ ಮೇಲೆ ಕೊರೆದು ಬರೆದಂತೆ ಉತ್ತರದವರು ಶಾಸ್ತ್ರಗಳನ್ನು ಬರೆದದ್ದು ಇದೇ ಮರದ ಕಾಗದದಂಥ ತೊಗಟೆಯ ಮೇಲೆ. ಇಲ್ಲಿ ಮರಗಳು ಹೋದದ್ದಕ್ಕೆ ಮುಖ್ಯ ಕಾರಣ ಹವಾಮಾನವಲ್ಲ, ಯಾತ್ರಿಕರ ಒಲೆಗಳಿಗೆ ಕಡಿದ ಸೌದೆ. ಪರ್ವತಾರೋಹಿ ಹರ್ಷವಂತಿ ಬಿಷ್ಟ್ ಅವರು ತೊಂಬತ್ತರ ದಶಕದಲ್ಲಿ ಇಲ್ಲಿ ಮತ್ತೆ ಭೂರ್ಜದ ಸಸಿಗಳನ್ನು ನೆಡಿಸಿದರು. 2008ರಿಂದ ಈ ದಾರಿಯಲ್ಲಿ ದಿನಕ್ಕೆ 150 ಜನರಿಗಷ್ಟೇ ಅನುಮತಿ. ಎಂದರೆ ಕೊಡಲಿಯಿಂದಾದ ಹಾನಿಯನ್ನು ತಡೆಯುವ ಬಗೆ ಇಲ್ಲಿನವರಿಗೆ ಗೊತ್ತು.

ಕೊಡಲಿ ನಿಂತ ಮೇಲೂ ಉಳಿದಿರುವ ಕಷ್ಟ ಬೇರೆಯದು. ಚಳಿಯೇ ಮರವನ್ನು ಮೇಲೇರದಂತೆ ತಡೆಯುತ್ತಿದ್ದರೆ, ಸೆಖೆ ಹೆಚ್ಚಿದಂತೆ ಮರ ಬೆಟ್ಟವನ್ನು ಹತ್ತಿಕೊಂಡು ಹೋಗಬೇಕಲ್ಲವೇ ಎಂದು ನಾನು ಎಣಿಸಿದ್ದೆ. ಕೆಲವೆಡೆ ಹಾಗೆ ಆಗುತ್ತಲೂ ಇದೆ. ಆದರೆ ಹಿಮಾಲಯದ ಭೂರ್ಜದ ಕಾಂಡದಲ್ಲಿ ವರ್ಷಕ್ಕೊಂದರಂತೆ ಮೂಡುವ ಬಳೆಗಳನ್ನು ಓದಿದ ಸಂಶೋಧಕರು ಕಂಡುಕೊಂಡದ್ದು, ಮುಂಗಾರಿಗೆ ಮೊದಲಿನ ತಿಂಗಳುಗಳು ಬಿಸಿಯಾಗಿ ಒಣಗಿದ ವರ್ಷಗಳಲ್ಲಿ ಬಳೆ ಕಿರಿದಾಗುತ್ತದೆ, ಕೆಲವೊಮ್ಮೆ ಮೂಡುವುದೇ ಇಲ್ಲ ಎಂಬುದನ್ನು. ಆ ತಿಂಗಳುಗಳಲ್ಲಿ ಬೇರಿಗೆ ಸಿಗುವ ನೀರು ಚಳಿಗಾಲದ ಹಿಮ ನಿಧಾನವಾಗಿ ಕರಗಿ ಇಂಗಿದ್ದು. ಮೇಲೆ ಬಾಮಕ್ ಬದುಕಿರುವುದು ಯಾವ ಹಿಮದಿಂದಲೋ ಕೆಳಗೆ ಭೂರ್ಜ ಕುಡಿಯುವುದೂ ಅದೇ ಹಿಮವನ್ನು. ಹಿಮ ಕಡಿಮೆಯಾದರೆ, ಅಥವಾ ಬಿದ್ದದ್ದು ಬೇಗ ಹರಿದುಹೋದರೆ, ಎರಡೂ ಒಟ್ಟಿಗೆ ಬಡವಾಗುತ್ತವೆ. ಭೂರ್ಜಕ್ಕಿಂತ ತುಸು ಕೆಳಗೆ ಬೆಳೆಯುವ ಖರ್ಸು ಓಕ್‌ನ ಕಷ್ಟ ಇನ್ನೂ ಸೂಕ್ಷ್ಮವಾದದ್ದು: ಅದರ ಬೀಜ ಬಹಳ ದಿನ ಬಾಳುವುದಿಲ್ಲ, ಮಳೆಗಾಲ ಹಿಡಿಯುವ ಹೊತ್ತಿಗೆ ಸರಿಯಾಗಿ ಉದುರಿ ಕೂಡಲೇ ಮೊಳೆಯಬೇಕು. ಸೆಖೆಗೆ ಬೀಜ ಮುಂಚೆಯೇ ಹಣ್ಣಾಗಿ ಮಳೆ ತಡವಾಗಿ ಬಂದರೆ, ಒಣ ನೆಲದ ಮೇಲೆ ಬಿದ್ದ ಬೀಜ ಅಲ್ಲೇ ಸಾಯುತ್ತದೆ. ಆರಿದ್ರಾ ಮಳೆ ನಂಬಿ ಬಿತ್ತಿ ಕೆಟ್ಟ ರೈತನ ಮಗನಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಹಿಮ ಬೀಳದ ಚಳಿಗಾಲದ ಬೆನ್ನಿಗೇ ಕಾಡ್ಗಿಚ್ಚು ಬರುತ್ತದೆ. ಕೆಳಗಿನ ಚೀಡ್ ಕಾಡುಗಳ ಒಣಗಿದ ಸೂಜಿ ಎಲೆಗಳು, ಇಲ್ಲಿನವರ ಮಾತಿನಲ್ಲಿ ಪಿರೂಲ್, ಕಿಡಿ ತಗುಲಿದರೆ ಧಗ್ಗನೆ ಹತ್ತಿಕೊಳ್ಳುತ್ತವೆ. ಹೊಗೆಯ ಮಸಿ ಮೇಲೇರಿ ಬಿಳಿಯ ಹಿಮದ ಮೇಲೆ ಕೂತರೆ ಅದು ಬಿಸಿಲನ್ನು ಹೆಚ್ಚು ಹೀರಿ ಬೇಗ ಕರಗುತ್ತದೆ. 2016ರಲ್ಲಿ ವಾಡಿಯಾ ಸಂಸ್ಥೆಯವರು ಚೀಡ್‌ಬಾಸಾದಲ್ಲಿ ಅಳೆದಾಗ ಬೇಸಿಗೆಯ ಗಾಳಿಯಲ್ಲಿ ಮಸಿಯ ಪ್ರಮಾಣ ಅನೇಕ ಪಟ್ಟು ಏರಿದ್ದು ಕಂಡಿತ್ತು.

ರೇಣಿ ಎಂಬ ಊರನ್ನು ಇಲ್ಲಿ ನೆನೆಯದೆ ಇರಲಾರೆ. 1974ರ ಮಾರ್ಚ್ 26ರಂದು ಗೌರಾ ದೇವಿ ಮತ್ತು ಅವರ ಜೊತೆಗಿದ್ದ ಹೆಂಗಸರು ಮರ ಕಡಿಯಲು ಬಂದವರನ್ನು ತಡೆದು ನಿಂತದ್ದು ಅಲ್ಲಿ. ಮರಗಳನ್ನು ಅಪ್ಪಿಕೊಂಡು ಉಳಿಸುವ ಆ ಚಿಪ್ಕೋ ಚಳವಳಿಯ ಬೀಜವೇ 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೋ ಆಗಿ ಮೊಳೆಯಿತು. ಗಢವಾಲದಿಂದ ಮಲೆನಾಡು ಪಡೆದ ಋಣ ಅದು. ಅದೇ ರೇಣಿಯ ಪಕ್ಕದ ಋಷಿಗಂಗೆಯಲ್ಲಿ 2021ರ ಫೆಬ್ರವರಿ 7ರಂದು, ರೊಂಟಿ ಶಿಖರದಿಂದ ಕಳಚಿದ ಬಂಡೆ ಮತ್ತು ಮಂಜುಗಡ್ಡೆ ಪ್ರವಾಹವಾಗಿ ನುಗ್ಗಿ ಇನ್ನೂರಕ್ಕೂ ಹೆಚ್ಚು ಜನರು ಸತ್ತರು ಅಥವಾ ಕಾಣೆಯಾದರು. ಅದೊಂದೇ ದುರಂತವನ್ನು ತಾಪಮಾನದ ತಲೆಗೆ ಕಟ್ಟಲಾಗದು. ಆದರೆ ಹೆಪ್ಪುಗಟ್ಟಿದ ಇಳಿಜಾರುಗಳು ಬಿಸಿಗೆ ಸಡಿಲಗೊಳ್ಳುತ್ತವೆ ಎಂಬುದು ತಿಳಿದ ಸಂಗತಿ. ಅಪ್ಪಿಕೊಂಡು ತಡೆಯಲು ಗೌರಾ ದೇವಿಯ ಮುಂದೆ ಮರವಿತ್ತು, ಕೊಡಲಿ ಹಿಡಿದ ಮನುಷ್ಯನಿದ್ದ. ಬಾಮಕ್ ಕರಗುವಲ್ಲಿ ಎದುರಿಗೆ ಯಾರೂ ಇರುವುದಿಲ್ಲ. ಹಾಗಾಗಿಯೇ ಅಳತೆ ಬೇಕು ಎನ್ನುತ್ತೇನೆ. ಕಣ್ಣಿಗೆ ಕಾಣದ್ದನ್ನು ಊರಿನ ಜಗಲಿಗೆ ತರಬಲ್ಲದ್ದು ಅದೊಂದೇ.

ಕರ್ನಾಟಕದವರಿಗೂ ಇದು ಹೊರಗಿನ ಮಾತಲ್ಲ. ಕೇದಾರನಾಥದ ರಾವಲರು, ಎಂದರೆ ಅಲ್ಲಿನ ಪ್ರಧಾನ ಅರ್ಚಕರು, ಕರ್ನಾಟಕದ ವೀರಶೈವ ಪರಂಪರೆಯವರು. 2013ರ ಜೂನ್‌ನಲ್ಲಿ ಆ ದೇವಾಲಯದ ಮೇಲೆ ಕಲ್ಲು ನೀರು ನುಗ್ಗಿದ್ದು ಚೋರಾಬಾರಿ ಹಿಮನದಿಯ ಅಂಚಿನ ಸರೋವರ ಒಡೆದಾಗ. ಪ್ರತಿವರ್ಷ ನಮ್ಮೂರುಗಳಿಂದ ಬರುವ ಯಾತ್ರಿಕರನ್ನು ರೈಲು ನಿಲ್ದಾಣದಲ್ಲಿ ಕಂಡು ಮಾತನಾಡಿಸುತ್ತೇನೆ. ದೇವರ ಬಾಗಿಲು ತೆರೆಯುವ ದಿನಾಂಕ ಅವರಿಗೆ ಬಾಯಿಪಾಠ. ದೇವರ ಹಿಂದಿನ ಬೆಟ್ಟದಲ್ಲಿ ಮಂಜುಗಡ್ಡೆ ಎಷ್ಟು ಉಳಿದಿದೆ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಅದು ಅವರ ತಪ್ಪಲ್ಲ, ಯಾರೂ ಅವರಿಗೆ ಆ ಲೆಕ್ಕ ಹೇಳಿಲ್ಲ.

ಲೆಕ್ಕ ಇಡುವ ಸಾಧನ ಬಹಳ ಸರಳವಾದದ್ದು. ಹಿಮನದಿಯಲ್ಲಿ ರಂಧ್ರ ಕೊರೆದು ಬಿದಿರಿನ ಗಳಗಳನ್ನು ಇಳಿಸುತ್ತಾರೆ. ಮಂಜುಗಡ್ಡೆ ಕರಗಿದಷ್ಟೂ ಗಳ ಮೇಲೆ ಎದ್ದು ಕಾಣುತ್ತದೆ. ಡೋಕ್ರಿಯಾನಿ ಹಿಮನದಿಯಲ್ಲೂ ಚೋರಾಬಾರಿಯಲ್ಲೂ ಹೀಗೆಯೇ ಅಳೆದಿದ್ದಾರೆ. ಹಿಮದ ವರ್ಷ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಪ್ರತಿ ಅಕ್ಟೋಬರ್ ಮೊದಲ ವಾರ, ಕಳೆದ ಚಳಿಗಾಲದಲ್ಲಿ ಎಷ್ಟು ಹಿಮ ಬಿತ್ತು, ಗಳ ಎಷ್ಟು ಅಡಿ ಮೇಲೆದ್ದಿತು, ಭೋಜ್‌ಬಾಸಾದಲ್ಲಿ ಎಷ್ಟು ಸಸಿ ಬದುಕಿವೆ ಎಂಬ ಮೂರು ಸಂಖ್ಯೆಗಳನ್ನು ಇಲ್ಲಿನ ಹಿಂದಿ ಪತ್ರಿಕೆಗಳು ಮೊದಲ ಪುಟದಲ್ಲಿ ಅಚ್ಚು ಹಾಕಲಿ, ಪ್ರತಿ ಕಣಿವೆಯ ಪಂಚಾಯಿತಿ ತನ್ನ ಗೋಡೆಯ ಮೇಲೆ ಬರೆಸಲಿ. ಊರಿನಿಂದ ಫೋನ್ ಬಂದಾಗ ಕನ್ನಂಬಾಡಿಯ ಮಟ್ಟ ಕೇಳಿಸಿಕೊಂಡ ಮೇಲೆ, ಗೋಮುಖದ್ದು ಇಷ್ಟು ಎಂದು ನಾನೂ ಹೇಳಬಹುದು.