ಫೋಟೋಗೆ ಊಟ ಬಡಿಸೋರಂತೆ ನಾವು

ನಮ್ಮ ಕಾಲೇಜಿಗೆ ಇವತ್ತು ಮಾನಸಿಕ ಆರೋಗ್ಯದ ಬಗ್ಗೆ ಮಾತಾಡಲು ಒಬ್ಬ ಹಿರಿಯರು ಬಂದಿದ್ದರು. 'ವಿಡಿಯೋ ಕಾಲ್‌ನಲ್ಲಿ ಥೆರಪಿ ಅಂದ್ರೆ ಫೋಟೋಗೆ ಊಟ ಬಡಿಸಿದ ಹಾಗೆ, ಭಾವನೆ ಎಲ್ಲಿಂದ ಬರಬೇಕು?' ಅಂದರು. ಚಪ್ಪಾಳೆಯೋ ಚಪ್ಪಾಳೆ. ನನಗೆ ಮೈಯೆಲ್ಲ ಉರಿಯಿತು.

ನನ್ನ ಕೌನ್ಸೆಲರ್ ಬೆಂಗಳೂರಲ್ಲಿ, ನಾನು ಹಾಸನದಲ್ಲಿ. ಎದುರಿಗೆ ಕೂತೂ ಮಾತಾಡಿದ್ದೇನೆ, ಲ್ಯಾಪ್‌ಟಾಪ್ ಮುಂದೆ ಮೂಗು ಸೋರಿಸಿಕೊಂಡು ಅತ್ತೂ ಇದ್ದೇನೆ. ಅಳು ಎರಡು ಕಡೆಯೂ ಒಂದೇ ಸ್ವಾಮಿ! ನಿಜ ಹೇಳಬೇಕೆಂದರೆ ಅಪ್ಪನ ವಿಷಯ ಮೊದಲು ಬಾಯಿಬಿಟ್ಟಿದ್ದು ವಿಡಿಯೋದಲ್ಲೇ. ಕ್ಲಿನಿಕ್‌ನಲ್ಲಿ ತೊಡೆ ಮೇಲಿನ ಬ್ಯಾಗ್ ಕೆಳಗಿಡುವುದಕ್ಕೂ ನನಗೆ ಸಂಕೋಚ.

ನನ್ನ ಬಾಯಿ ಕಟ್ಟುವುದು ನಮ್ಮ ಮನೆಯ ಬಾಗಿಲು. ಹಗಲು ಹೊತ್ತಲ್ಲಿ ಸೊಸೆ ಚಿಲಕ ಹಾಕಿಕೊಂಡರೆ ಐದೇ ನಿಮಿಷ, ಅತ್ತೆ ಬಂದು 'ಯಾಕಮ್ಮಾ, ಹುಷಾರಿಲ್ವಾ?' ಅಂತ ತಟ್ಟುತ್ತಾರೆ. ಪಾಪ, ಕಾಳಜಿಯೇ. ಅದಕ್ಕೇ ಪಾರ್ಕಿಂಗ್‌ಗೆ ಇಳಿದು ಕಾರಲ್ಲಿ ಕೂರುತ್ತೇನೆ. ಮೊನ್ನೆ ಮಾತು ಗಂಟಲಿಗೆ ಬಂದಿತ್ತು, ವಾಚ್‌ಮನ್ ಗಾಜು ತಟ್ಟಿ 'ಮೇಡಂ, ಗಾಡಿ ಸ್ವಲ್ಪ ಮುಂದೆ ತಗೋಳ್ತೀರಾ?' ಅಂದ. ಅಲ್ಲಿಗೆ ಆವತ್ತಿನ ಥೆರಪಿ ಮುಗೀತು. ಇದಕ್ಕೂ ಪರದೆಯೇ ಕಾರಣವಾ?

ಹೌದಪ್ಪಾ, ಕೊರತೆ ಇದೆ. ಕ್ಯಾಮೆರಾ ಮೇಲಿರುತ್ತದೆ, ಪರದೆಯಲ್ಲಿನ ಮುಖ ಕೆಳಗಿರುತ್ತದೆ. ಹಾಗಾಗಿ ಕೌನ್ಸೆಲರ್ ಯಾವಾಗಲೂ ನನ್ನ ಗಲ್ಲ ನೋಡುತ್ತಿರುವ ಹಾಗೆ ಕಾಣುತ್ತದೆ. ನಡುಗುವ ಕಾಲು ಅವರಿಗೆ ಕಾಣುವುದಿಲ್ಲ. ಎದುರಿಗೆ ಕೂತಾಗ ಇಬ್ಬರೂ ಸುಮ್ಮನಾದರೆ ಅದಕ್ಕೊಂದು ತೂಕ ಇರುತ್ತದೆ. ವಿಡಿಯೋದಲ್ಲಿ ಸುಮ್ಮನಾದರೆ 'ಹಲೋ, ಕೇಳಿಸ್ತಿದೆಯಾ?' ಸರಿ, ಒಪ್ಪಿದೆ. ಆದರೆ ಇದಕ್ಕಾಗಿ ಪ್ರತಿ ಸಲ ರಜೆ ಹಾಕಿ, ನಾಲ್ಕು ಗಂಟೆ ಬಸ್ಸಲ್ಲಿ ಕೂತು, ಮನೆಯಲ್ಲಿ ಸುಳ್ಳು ಹೇಳಿ ಹೋಗಬೇಕಾ? ಇನ್ನೊಂದು ಮಜಾ ಕೇಳಿ. ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ವಿಡಿಯೋದಲ್ಲೂ ಕೌನ್ಸೆಲರ್ ಜೊತೆಗಿನ ನಂಟು ಚೆನ್ನಾಗಿದೆ ಅಂತ ನಮ್ಮಂಥವರು ಹೇಳುತ್ತಾರೆ, ಅನುಮಾನ ಜಾಸ್ತಿ ಇರುವುದು ಥೆರಪಿಸ್ಟ್‌ಗಳಿಗೇ!

2022ರಲ್ಲಿ ಮಾನಸಿಕ ಆರೋಗ್ಯಕ್ಕೆ ಅಂತ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಶುರುವಾಯಿತು. 14416ಕ್ಕೆ ಫೋನ್ ಮಾಡಿದರೆ ಸಾಕು, ದುಡ್ಡು ಕೊಡಬೇಕಿಲ್ಲ. ನಿಮ್ಹಾನ್ಸ್‌ನವರೇ ಅದರ ಬೆನ್ನಿಗಿದ್ದಾರೆ. 2024ರಲ್ಲಿ ವಿಡಿಯೋ ಕೂಡ ಬಂತು. ಎಲ್ಲ ಸರಿ, ಮಾತಾಡಲು ಜಾಗ? ನಮ್ಮ ಹಾಸ್ಟೆಲ್ ಹುಡುಗಿಯರು ಟೆರೇಸಿನ ನೀರಿನ ಟ್ಯಾಂಕ್ ಹಿಂದೆ ನಿಂತು ಪಿಸುಗುಡುತ್ತಾರೆ.

ಲೈಬ್ರರಿ ಪಕ್ಕ ಮುರಿದ ಬೆಂಚು ತುಂಬಿದ ಕೋಣೆ ಇದೆ. ಅದನ್ನು ಖಾಲಿ ಮಾಡಿಸಿ, ಒಳಗಿನಿಂದ ಒಂದು ಚಿಲಕ ಹಾಕಿಸಿ ಅಂತ ಭಾಷಣ ಮುಗಿದ ಕೂಡಲೇ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟೆ. 'ಒಳಗಿನಿಂದ ಯಾಕಮ್ಮಾ?' ಅಂತ ಕೇಳಿದರು.